ಪೂರ್ವಜ್ಞಾನದ ತೂಕ

ಇಂದ್ರಿಯಗಳು ತರುವ ವಾರ್ತೆ ಎಂದಿಗೂ ಪೂರ್ಣವಲ್ಲ. ಮಬ್ಬುಗತ್ತಲೆಯಲ್ಲಿ ಬರುವವರನ್ನು ಹೆಜ್ಜೆಯ ಸಪ್ಪಳದಿಂದಲೇ ಗುರುತಿಸುವಾಗ, ಕಿವಿ ಕೇಳಿದುದರೊಡನೆ ಹಿಂದಿನ ಅನುಭವವೂ ಸೇರಿರುತ್ತದೆ. ಹೊಸ ಸಾಕ್ಷ್ಯವನ್ನು ಪೂರ್ವಜ್ಞಾನದೊಡನೆ ತೂಗುವ ಗಣಿತಕ್ಕೆ ಅಡಿಪಾಯ ಹಾಕಿದವನು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್. ಅವನ ಪ್ರಬಂಧವು ಮರಣಾನಂತರ 1763ರಲ್ಲಿ ಪ್ರಕಟವಾಯಿತು. ಆ ಗಣಿತವನ್ನೇ ಆಧರಿಸಿ ಎಲಿಜಬೆತ್ ಪೆಲ್ಲಿಕಾನೊ ಮತ್ತು ಡೇವಿಡ್ ಬರ್ ಅವರು 2012ರಲ್ಲಿ ಆಟಿಸಂ ಕುರಿತು ಬರೆದ ಲೇಖನವು ವಿಚಾರಯೋಗ್ಯವಾಗಿದೆ.

ಆಟಿಸಂ ಉಳ್ಳವರಲ್ಲಿ ಪೂರ್ವಜ್ಞಾನದ ಪ್ರಭಾವ ದುರ್ಬಲವೆಂಬುದು ಅವರ ವಾದ. ಆದುದರಿಂದ ಅವರ ಗ್ರಹಿಕೆಯು ಕೆಲವೊಮ್ಮೆ ಇತರರದಕ್ಕಿಂತ ಯಥಾರ್ಥವಾಗಿರುತ್ತದೆ. ಆದರೆ ನಿತ್ಯ ಕೇಳುವ ಸದ್ದೂ ಹೊಸದರಂತೆ ಬಂದು ಮನಸ್ಸನ್ನು ದಣಿಸುತ್ತದೆ. ಹಠ, ದುರ್ನಡತೆ ಎಂದು ಜನರು ನಿಂದಿಸುವ ವರ್ತನೆಯ ಹಿಂದೆ ಗ್ರಹಿಕೆಯ ಭೇದವನ್ನು ತೋರಿಸಿದುದು ಈ ಲೇಖನದ ಹಿರಿಮೆ. ಅಮೆರಿಕದ ಮನೋವೈದ್ಯ ಸಂಘವು 2013ರ ಕೈಪಿಡಿಯಲ್ಲಿ ಇಂದ್ರಿಯಗಳ ಅತಿ ಅಥವಾ ಅಲ್ಪ ಪ್ರತಿಕ್ರಿಯೆಯನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತು.

ಆದರೂ ವಾದವು ಪರಿಪೂರ್ಣವಲ್ಲ. ಇತರರ ದೃಷ್ಟಿ ಯಾವ ಕಡೆಗಿದೆಯೆಂಬುದನ್ನು ನಿರ್ಣಯಿಸುವಲ್ಲಿ ಆಟಿಸಂ ಉಳ್ಳ ವಯಸ್ಕರ ಪೂರ್ವಜ್ಞಾನ ಕುಂದಿಲ್ಲವೆಂದು 2016ರ ಒಂದು ಅಧ್ಯಯನ ತೋರಿಸಿತು. ದೋಷವು ಪೂರ್ವಜ್ಞಾನದಲ್ಲಿಲ್ಲ, ನಿರೀಕ್ಷೆ ತಪ್ಪಿದ ಪ್ರತಿಯೊಂದು ಅಲ್ಪ ವ್ಯತ್ಯಾಸಕ್ಕೂ ಅತಿಯಾದ ತೂಕ ಕೊಡುವುದರಲ್ಲಿದೆ ಎಂದು ಸಾಂಡರ್ ವಾನ್ ಡೆ ಕ್ರೂಯ್ಸ್ ಮತ್ತು ಸಂಗಡಿಗರು 2014ರಲ್ಲಿ ವಾದಿಸಿದ್ದರು. ರೆಬೆಕಾ ಲಾಸನ್ ಮತ್ತು ಸಂಗಡಿಗರ 2017ರ ಪ್ರಯೋಗವು ಇನ್ನೊಂದು ಅಂಶವನ್ನು ಮುಂದಿಟ್ಟಿತು. ಆಟಿಸಂ ಉಳ್ಳ ವಯಸ್ಕರು ಪರಿಸರವನ್ನು ಅದು ಇರುವುದಕ್ಕಿಂತ ಹೆಚ್ಚು ಚಂಚಲವೆಂದು ಎಣಿಸುತ್ತಾರೆ. ಎಲ್ಲವೂ ಬದಲಾಗಬಹುದೆಂದು ನಂಬಿದವರಿಗೆ ಯಾವ ನಿಯಮವೂ ಭರವಸೆ ಕೊಡಲಾರದು.

ಈ ಎಲ್ಲ ವಾದಗಳಲ್ಲಿಯೂ ಒಂದು ನ್ಯೂನತೆ ಸಮಾನವಾಗಿದೆ. ಅವು ಅನಿಶ್ಚಯವನ್ನು ಎದುರಿಸುವವನ ಮನಸ್ಸನ್ನು ಅಳೆಯುತ್ತವೆ. ಅನಿಶ್ಚಯವನ್ನು ಉಂಟುಮಾಡುವವರ ನಡತೆಯನ್ನು ಅಳೆಯುವುದಿಲ್ಲ. ಮುನ್ಸೂಚನೆಯಿಲ್ಲದೆ ಪಯಣದ ವೇಳೆ ಬದಲಿಸುವುದು, ಮದುವೆಮನೆಯಲ್ಲಿ ವಾದ್ಯದ ಬಳಿಯೇ ಮಗುವನ್ನು ಕೂರಿಸುವುದು, ಅದು ಕಿವಿ ಮುಚ್ಚಿಕೊಂಡರೆ ನಾಲ್ಕು ಜನರ ಮುಂದೆ ಗದರಿಸುವುದು, ಇವು ಮಿದುಳಿನ ದೋಷಗಳಲ್ಲ, ಹಿರಿಯರ ಅವಿವೇಕ. ಮುಂದೆ ನಡೆಯುವುದನ್ನು ಮೊದಲೇ ತಿಳಿಸುವುದಕ್ಕೂ, ದಣಿದಾಗ ನಿಶ್ಶಬ್ದವಾದ ಒಂದು ಕೋಣೆ ಕೊಡುವುದಕ್ಕೂ ಹಣ ಬೇಕಿಲ್ಲ.

ತಕ್ಕಡಿಯ ಒಂದು ತಟ್ಟೆ ಬೇರೆ ರೀತಿ ತೂಗಿದರೆ, ಇನ್ನೊಂದರಲ್ಲಿ ಇರಿಸುವ ಭಾರವನ್ನು ಸರಿಪಡಿಸುವುದು ಇರಿಸುವವರ ಹೊಣೆ. ಇಷ್ಟನ್ನು ಒಪ್ಪಿದರೆ ಈ ವಿಜ್ಞಾನವು ಮನೆಗೆ ಉಪಯುಕ್ತ. ಒಪ್ಪದಿದ್ದರೆ ಅದು ಕೇವಲ ಹೊಸ ಹೆಸರಿನ ಹಳೆಯ ನಿಂದೆ.