ಯುದ್ಧ ಮುಗಿದ ಮೇಲೆ ಹೊರಟ ಕುದುರೆ

ಶ್ರಾವಣದಲ್ಲಿ ಮಳೆ ಹಿಡಿದು ಕೂತ ರಾತ್ರಿಗಳಲ್ಲಿ, ಲಿಂಗದಹಳ್ಳಿ ಕಡೆಯ ನಮ್ಮ ಮನೆಯ ಜಗಲಿಯ ಮೇಲೆ ಅಜ್ಜ ಜೈಮಿನಿ ಭಾರತ ಓದುತ್ತಿದ್ದರು. ಧರ್ಮರಾಯನ ಅಶ್ವಮೇಧಕ್ಕೆ ತಕ್ಕ ಕುದುರೆ ಇರುವುದು ಭದ್ರಾವತಿಯಲ್ಲಿ. ಅದನ್ನು ತರಲು ಭೀಮ, ಕರ್ಣನ ಮಗ ವೃಷಕೇತು, ಘಟೋತ್ಕಚನ ಮಗ ಮೇಘನಾದ ಮೂವರೂ ಹೊರಟರು ಎಂಬಲ್ಲಿಗೆ ಬಂದಾಗ ಮಕ್ಕಳಾದ ನಾವು ನೆಟ್ಟಗೆ ಕೂರುತ್ತಿದ್ದೆವು. ಭದ್ರಾವತಿ ನಮಗೆ ಗೊತ್ತಿದ್ದ ಊರು. ಮನೆಯ ಬೆನ್ನಿಗಿದ್ದ ಕೆಮ್ಮಣ್ಣುಗುಂಡಿಯ ಅದಿರು ಹೋಗಿ ಕಬ್ಬಿಣವಾಗುತ್ತಿದ್ದದ್ದು ಅಲ್ಲಿ, 1923ರಲ್ಲಿ ಕೆಲಸ ಶುರುಮಾಡಿದ ಕಾರ್ಖಾನೆಯಲ್ಲಿ. ಆ ಮೂವರು ನಮ್ಮ ಗುಡ್ಡದ ಬುಡದಲ್ಲೇ ಹಾದುಹೋಗಿರಬೇಕು ಎಂದು ನಂಬಿ ಮಲಗುತ್ತಿದ್ದೆವು. ಕಾವ್ಯದ ಭದ್ರಾವತಿಯೇ ಬೇರೆ ಎಂದು ಆಮೇಲೆ ತಿಳಿಯಿತು. ಆದರೆ ಆ ಕುದುರೆ ನಮ್ಮ ಕಡೆಯದು ಎಂಬ ಭಾವ ಮಾತ್ರ ಇವತ್ತಿಗೂ ಹೋಗಿಲ್ಲ.

ಕವಿಯೂ ನಮ್ಮ ಕಡೆಯವನೇ. ಲಕ್ಷ್ಮೀಶ ಹಾಡಿ ಹೊಗಳಿದ ದೇವಪುರದ ಲಕ್ಷ್ಮೀರಮಣ, ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಕಾಂತ ಸ್ವಾಮಿ ಎಂಬುದು ಬಹುಮಂದಿ ಒಪ್ಪಿದ ಮಾತು. ಅವನು ಸುರಪುರದವನು ಎಂದು ವಾದಿಸಿದ ವಿದ್ವಾಂಸರೂ ಉಂಟು. ಅವನ ಕಾಲ 16ನೆಯ ಶತಮಾನವೋ 17ನೆಯದೋ ಎಂಬ ಚರ್ಚೆಯೂ ಹಳೆಯದು. ನಾನು ಇಲ್ಲಿ ಎತ್ತಿಕೊಂಡಿರುವುದು ಊರು-ಕಾಲದ ಪ್ರಶ್ನೆಯನ್ನಲ್ಲ. ಒಂದು ಮಹಾಕಥೆಯ ಎರಡನೆಯ ಪುಸ್ತಕವಾಗಿ ಈ ಕಾವ್ಯವನ್ನು ಓದುಗರು ಹೇಗೆ ತೂಗಿದರು, ಆ ತೂಕ ಸರಿಯಾಯಿತೇ ಎಂಬುದನ್ನು ನೋಡಬೇಕಾಗಿದೆ.

ಎರಡನೆಯ ಪುಸ್ತಕದ ಪಾಡು ಎಲ್ಲ ಕಡೆ ಒಂದೇ. ಟೋಲ್ಕಿನ್ನನ ಉಂಗುರದ ಕಥೆಯ ಎರಡನೆಯ ಸಂಪುಟ 1954ರಲ್ಲಿ ಬಂತು. ಅದನ್ನು ಕೈಗೆತ್ತಿಕೊಳ್ಳುವ ಹುಡುಗರು ಇವತ್ತಿಗೂ ಮೊದಲನೆಯದನ್ನು ಪಕ್ಕದಲ್ಲಿಟ್ಟುಕೊಂಡೇ ಅಳೆಯುತ್ತಾರೆ. ಲಕ್ಷ್ಮೀಶನಿಗೆ ಪಕ್ಕದಲ್ಲಿದ್ದವನು ಕುಮಾರವ್ಯಾಸ. ಅದಕ್ಕೂ ಮೊದಲೇ ಈ ಸೀಮೆಯಲ್ಲಿ ಭಾರತ ಕಲ್ಲಿನಲ್ಲಿ ನಿಂತಿತ್ತು. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಮಂಟಪದ ಹೊರಗೋಡೆಯಲ್ಲಿ ಒಂದು ಪಕ್ಕಕ್ಕೆ ರಾಮಾಯಣವಿದೆ, ಇನ್ನೊಂದು ಪಕ್ಕಕ್ಕೆ ಕೃಷ್ಣನ ಕಥೆ ಮತ್ತು ಭಾರತವಿದೆ. ಗೋಡೆಯ ಉದ್ದಕ್ಕೂ ಬೆರಳಿಟ್ಟು ಕಥೆ ಹೇಳಿಕೊಂಡು ನಡೆಯಬಹುದು. ಹೀಗೆ ಮೊದಲ ಕಥೆ ರಕ್ತಗತವಾಗಿದ್ದ ಜನಕ್ಕೆ ಎರಡನೆಯದನ್ನು ಹೇಳುವುದು ಸಾಮಾನ್ಯ ಕೆಲಸವಲ್ಲ.

ಕುಮಾರವ್ಯಾಸ ಹತ್ತು ಪರ್ವಗಳನ್ನು ಬರೆದು, ಗದಾಪರ್ವಕ್ಕೆ ನಿಲ್ಲಿಸಿದ. ದುರ್ಯೋಧನ ತೊಡೆ ಮುರಿದು ಬಿದ್ದ, ಯುದ್ಧ ಮುಗಿಯಿತು. ಉಳಿದ ಎಂಟು ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಅದೇ ಭಾಮಿನಿ ಷಟ್ಪದಿಯಲ್ಲಿ ಬರೆದು ಪೂರ್ತಿ ಮಾಡಿದ. ಲೆಕ್ಕಕ್ಕೆ ಎರಡನೆಯ ಪುಸ್ತಕವೆಂದರೆ ಅದೇ. ಅರಸನ ಆಶ್ರಯ ಇತ್ತು, ಛಂದಸ್ಸು ಅದೇ, ಕಥೆ ಬಿಟ್ಟಲ್ಲಿಂದಲೇ ಮುಂದುವರಿಯಿತು. ಆದರೂ ಜನ ಮನೆಯಲ್ಲಿಟ್ಟುಕೊಂಡು ಓದಿದ್ದು ಲಕ್ಷ್ಮೀಶನನ್ನು. ಅವನು ವ್ಯಾಸಭಾರತದ ದಾರಿಯನ್ನೇ ಬಿಟ್ಟು, ಜೈಮಿನಿ ಮುನಿಯ ಹೆಸರಿನಲ್ಲಿರುವ ಸಂಸ್ಕೃತದ ಅಶ್ವಮೇಧ ಪರ್ವವನ್ನು ಹಿಡಿದ. ಛಂದಸ್ಸನ್ನೂ ಬದಲಿಸಿ 34 ಸಂಧಿಗಳನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಓದುಗರ ಮೊದಲ ತೀರ್ಪು ಇಲ್ಲಿಯೇ ಇದೆ. ಮೊದಲ ಪುಸ್ತಕವನ್ನು ಬರಿದೆ ಮುಗಿಸಿಕೊಟ್ಟವನನ್ನು ಅವರು ಗೌರವಿಸಿದರು. ಹೊಸ ಬಾಗಿಲು ತೆರೆದವನನ್ನು ಮನೆಯೊಳಗೆ ಕರೆದುಕೊಂಡರು.

ಹಾಗೆಂದು ಆಕ್ಷೇಪಗಳು ಇಲ್ಲದಿಲ್ಲ. ಜಗಲಿಯ ಮೇಲೂ ಕಾಲೇಜಿನ ತರಗತಿಯಲ್ಲೂ ನಾನು ಮತ್ತೆ ಮತ್ತೆ ಕೇಳಿದವು ಮೂರು. ಇದು ಬರೀ ನಾದದ ಕಾವ್ಯ, ಸಕ್ಕರೆ ಹೆಚ್ಚಾಯಿತು ಎಂಬುದು ಒಂದು. ಕಟ್ಟಿದ ಕುದುರೆಗೆ ಯುದ್ಧ, ಯುದ್ಧಕ್ಕೊಬ್ಬ ಕೃಷ್ಣ, ಕೊನೆಗೆ ರಾಜಿ ಎಂದು ಒಂದೇ ಅಚ್ಚಿನ ಕಥೆಗಳು ಎಂಬುದು ಇನ್ನೊಂದು. ಸತ್ತವರು ಎದ್ದು ಬರುವ ಕಡೆ ದುರಂತಕ್ಕೆ ಜಾಗವೆಲ್ಲಿ, ಕುಮಾರವ್ಯಾಸನ ಕರ್ಣನಿಗೆ ಅತ್ತಂತೆ ಇಲ್ಲಿ ಯಾರಿಗೆ ಅಳುವುದು ಎಂಬುದು ಮೂರನೆಯದು. ಮೂರರಲ್ಲೂ ಸತ್ಯಾಂಶವಿದೆ. ಅದಕ್ಕೇ ಒಂದೊಂದನ್ನೂ ಹತ್ತಿರದಿಂದ ನೋಡಬೇಕು.

ನಾದದ ಮಾತು ಮೊದಲು. ಭಾಮಿನಿ ಮೂರು-ನಾಲ್ಕು ಮಾತ್ರೆಯ ಗಣಗಳಲ್ಲಿ ಏರಿಳಿಯುತ್ತ ನಡೆಯುತ್ತದೆ. ಚಿಕ್ಕ ಸಾಲಿಗೆ 14 ಮಾತ್ರೆ. ಮಾತಿನ ಧಾಟಿಗೆ ಹತ್ತಿರದ್ದು. ಜಗಳಕ್ಕೂ ಬೈಗುಳಕ್ಕೂ ಗೋಳಿಗೂ ಒಗ್ಗುತ್ತದೆ. ವಾರ್ಧಕದ ನಡೆ ಐದು ಮಾತ್ರೆಯದು. ಚಿಕ್ಕ ಸಾಲುಗಳಲ್ಲಿ ಅಂಥ ನಾಲ್ಕು ಗಣ, ಅಂದರೆ 20 ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಆರು ಗಣ, ಮೇಲೊಂದು ಗುರು, ಒಟ್ಟು 32. ಅಜ್ಜ ಓದುವಾಗ ಎರಡು ಸಾಲು ಒಂದೇ ಹದದಲ್ಲಿ ಹೋಗಿ, ಮೂರನೆಯ ಉದ್ದ ಸಾಲಿಗೆ ಉಸಿರು ತುಂಬಿಕೊಂಡು, ಕೊನೆಯ ಗುರುವಿನ ಮೇಲೆ ದನಿ ಎಳೆದು ನಿಲ್ಲಿಸುತ್ತಿದ್ದರು. ನಿಂತಾಗ ಹೊರಗಿನ ಮಳೆ ಕೇಳುತ್ತಿತ್ತು. ಮತ್ತೆ ಎರಡು ಚಿಕ್ಕ ಸಾಲು, ಮತ್ತೊಂದು ಉದ್ದದ್ದು. ನಡುವೆ ಅರ್ಥ ಹೇಳುವವರು ಬಿಡಿಸಿ ಹೇಳುವವರೆಗೂ ಆ ನಾದ ಕಿವಿಯಲ್ಲಿ ಉಳಿಯುತ್ತಿತ್ತು. ದಾರಿಯುದ್ದಕ್ಕೂ ಊರು, ಕಾಡು, ಕೊಳ, ತೋಟ ನೋಡಿಕೊಂಡು ನಡೆಯುವ ಕುದುರೆಯ ಕಥೆಗೆ ಈ ನಡೆಯೇ ಸರಿ.

ಕುಮಾರವ್ಯಾಸನಿಗೆ ರೂಪಕ ಸಾಮ್ರಾಜ್ಯ ಚಕ್ರವರ್ತಿ ಎಂಬ ಹೆಸರು ಬಂದರೆ ಲಕ್ಷ್ಮೀಶನಿಗೆ ಉಪಮಾಲೋಲ ಎಂಬ ಹೆಸರು ಬಂತು. ರೂಪಕ ಎರಡನ್ನು ಒಂದೇ ಏಟಿಗೆ ಬೆಸೆಯುತ್ತದೆ. ಉಪಮೆ ಒಂದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟು, ಎರಡನ್ನೂ ನೋಡಲು ಪುರುಸೊತ್ತು ಕೊಡುತ್ತದೆ. ಪುರುಸೊತ್ತು ಹೆಚ್ಚಾದ ಕಡೆಗಳೂ ಇವೆ. ಯಮಕದ ಆಟಕ್ಕೆ ಕಥೆ ಕಾಯಬೇಕಾಗುತ್ತದೆ, ವನವರ್ಣನೆಯಲ್ಲಿ ಮರಗಳ ಪಟ್ಟಿ ಬೆಳೆಯುತ್ತದೆ. ಅಲ್ಲಿ ಬೇಸರವಾಯಿತು ಎಂದವರನ್ನು ನಾನು ತಪ್ಪೆನ್ನಲಾರೆ. ಆದರೆ ಸಕ್ಕರೆಯ ಆಕ್ಷೇಪ ಸೀತಾ ಪರಿತ್ಯಾಗದ ಮುಂದೆ ನಿಲ್ಲುವುದಿಲ್ಲ. ತುಂಬು ಬಸುರಿಯನ್ನು ಕಾಡಿಗೆ ಕರೆತಂದ ಲಕ್ಷ್ಮಣನಿಗೆ ಬಾಯಿ ಬಾರದು. ಅವನು ಹೊರಟುಹೋದ ಮೇಲೆ ಹಕ್ಕಿ, ಜಿಂಕೆಗಳೇ ಅವಳ ಸುತ್ತ ನಿಂತು ಮರುಗುತ್ತವೆ. ಅದೇ ನಾದ ಅಲ್ಲಿ ಅಳುವಾಗುತ್ತದೆ. ನಮ್ಮ ಮನೆಯಲ್ಲಿ ಆ ಸಂಧಿ ಓದಿದ ರಾತ್ರಿ ಹೆಂಗಸರು ಅಡಿಗೆಮನೆಯ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತಿರುತ್ತಿದ್ದರು.

ಇನ್ನು ಒಂದೇ ಅಚ್ಚಿನ ಮಾತು. ಹೊರಗಿನ ಚೌಕಟ್ಟು ಒಂದೇ, ಒಪ್ಪುತ್ತೇನೆ. ಒಳಗೆ ತುಂಬಿರುವ ಅದ್ಭುತಗಳು ಮಾತ್ರ ಒಂದರಂತೆ ಒಂದಿಲ್ಲ. ಹಂಸಧ್ವಜನ ಮಗ ಸುಧನ್ವ ಯುದ್ಧಕ್ಕೆ ತಡವಾಗಿ ಬಂದ ತಪ್ಪಿಗೆ ಕಾದ ಎಣ್ಣೆಯ ಕೊಪ್ಪರಿಗೆಗೆ ಬೀಳುತ್ತಾನೆ; ಎಣ್ಣೆ ಅವನನ್ನು ಸುಡುವುದಿಲ್ಲ. ಎಣ್ಣೆ ನಿಜಕ್ಕೂ ಕಾದಿದೆಯೇ ಎಂದು ತೆಂಗಿನಕಾಯಿ ಹಾಕಿ ನೋಡಿದರೆ ಅದು ಎರಡು ಹೋಳಾಗಿ ಸಿಡಿದು, ಶಿಕ್ಷೆ ಹೇಳಿದ ಪುರೋಹಿತರಿಬ್ಬರ ತಲೆಗೇ ಬಡಿಯುತ್ತದೆ. ಮಯೂರಧ್ವಜ ಗರಗಸಕ್ಕೆ ಮೈಯೊಡ್ಡಿದಾಗ ಎಡಗಣ್ಣು ಮಾತ್ರ ನೀರಿಡುತ್ತದೆ. ಬಲಭಾಗ ದಾನಕ್ಕೆ ಸಂದಿತು, ತಾನು ಯಾರಿಗೂ ಆಗದೆ ಹೋದೆ ಎಂದು ಎಡಭಾಗದ ಅಳು! ಚಂದ್ರಹಾಸನ ಕಥೆಯಲ್ಲಿ ಒಂದು ಜೀವ ನಿಂತಿರುವುದು ಒಂದಕ್ಷರದ ಮೇಲೆ. ಮಂತ್ರಿ ದುಷ್ಟಬುದ್ಧಿ ಕೊಟ್ಟ ಓಲೆಯಲ್ಲಿ 'ವಿಷವ' ಎಂದಿತ್ತು. ತೋಟದಲ್ಲಿ ಮಲಗಿದ್ದ ಚೆಲುವನನ್ನು ಕಂಡ ಮಂತ್ರಿಯ ಮಗಳು ವಿಷಯೆ 'ವ' ತೆಗೆದು 'ಯೆ' ಬರೆದಳು. ಸಾವಿನ ಓಲೆ ಮದುವೆಯ ಓಲೆಯಾಯಿತು. ಓದಲು ಬಾರದ ಮನೆಯಾಳುಗಳಿಗೂ ಅಜ್ಜ ಬೂದಿಯಲ್ಲಿ ಆ ಎರಡು ಅಕ್ಷರ ಬರೆದು ತೋರಿಸುತ್ತಿದ್ದರು. ಅಕ್ಷರದ ಬೆಲೆ ಏನೆಂದು ಹೇಳಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಮುಂದೆ ಯಾವ ಶಾಲೆಯಲ್ಲೂ ಸಿಗಲಿಲ್ಲ.

ಈ ಕಥೆಗಳು ಪುಸ್ತಕ ಬಿಟ್ಟು ಹೊರಗೆ ನಡೆದ ದೂರವೇ ಓದುಗರ ಅಭಿಪ್ರಾಯ. ಸುಧನ್ವ, ತಾಮ್ರಧ್ವಜ, ಚಂದ್ರಹಾಸ, ಬಭ್ರುವಾಹನ ಎಲ್ಲರೂ ಯಕ್ಷಗಾನದ ರಂಗ ಏರಿದರು. ಮಂಗಳೂರಿನಲ್ಲಿ ಮಿಷನರಿ ಮೋಗ್ಲಿಂಗ್ ಈ ಕಾವ್ಯವನ್ನು ಅಚ್ಚು ಹಾಕಿಸಿದ. ಬೆಂಗಳೂರಿನ ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ 1852ರಲ್ಲಿ ಇಂಗ್ಲಿಷ್ ಅನುವಾದ, ಟಿಪ್ಪಣಿಗಳ ಜೊತೆ ಹೊರತಂದ. ಕನ್ನಡ ಕಲಿಯಲು ಬಂದ ಪರದೇಶದವರಿಗೆ ಇಲ್ಲಿಯ ಜನ ಮುಂದಿಟ್ಟ ಪುಸ್ತಕಗಳಲ್ಲಿ ಇದೊಂದಾಗಿತ್ತು. 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರ 'ಬಭ್ರುವಾಹನ' ಚಿತ್ರದಲ್ಲಿ ರಾಜ್‌ಕುಮಾರ್ ತಂದೆಯೂ ಆದರು, ಮಗನೂ ಆದರು. ಮಣಿಪುರದ ಆ ಜಗಳ ಗೊತ್ತಿಲ್ಲದ ಕನ್ನಡ ಮನೆಯೇ ಇರಲಿಲ್ಲವೇನೋ.

ಮೂರನೆಯ ಆಕ್ಷೇಪಕ್ಕೆ ಉತ್ತರವಿರುವುದೂ ಆ ಜಗಳದಲ್ಲೇ. ತಿಳಿಯದೆ ಕುದುರೆ ಕಟ್ಟಿದ ಬಭ್ರುವಾಹನ, ಅದು ಅಪ್ಪನದೆಂದು ತಾಯಿಯಿಂದ ತಿಳಿದೊಡನೆ ಕಾಣಿಕೆ ಹೊತ್ತು ಬಂದು ಕಾಲಿಗೆ ಬೀಳುತ್ತಾನೆ. ಅರ್ಜುನ ಮಗನನ್ನು ಎತ್ತಿಕೊಳ್ಳುವ ಬದಲು ಒದೆಯುತ್ತಾನೆ, ನೀನು ನನ್ನ ಮಗನೇ ಅಲ್ಲ ಎಂದು ತಾಯಿಯ ಮಾನಕ್ಕೂ ಕೈಹಾಕುತ್ತಾನೆ. ಕುರುಕ್ಷೇತ್ರ ಗೆದ್ದವನಿಗೆ ಸ್ವಂತ ಮಗನ ಗುರುತು ಹತ್ತುವುದಿಲ್ಲ. ಗೆಲುವು ಮನುಷ್ಯನ ಕಣ್ಣನ್ನು ಎಷ್ಟು ಕೆಡಿಸುತ್ತದೆ ಎಂದು ಇದಕ್ಕಿಂತ ನೇರವಾಗಿ ಹೇಗೆ ಹೇಳುವುದು? ಆ ಯುದ್ಧದಲ್ಲಿ ಕರ್ಣನ ಮಗ ವೃಷಕೇತು ಬೀಳುತ್ತಾನೆ, ಅವನಿಗಾಗಿ ಅರ್ಜುನ ಅಳುತ್ತಾನೆ. ಕರ್ಣನನ್ನು ಕೊಂದವನು ಕರ್ಣನ ಮಗನಿಗಾಗಿ ಅಳುವ ಗಳಿಗೆ ಮೊದಲ ಪುಸ್ತಕದಲ್ಲಿ ಬರಲು ಸಾಧ್ಯವಿರಲಿಲ್ಲ. ಅಲ್ಲಿ ಯುದ್ಧ ನಡೆಯುತ್ತಿತ್ತು. ಆಮೇಲೆ ಅರ್ಜುನನ ತಲೆಯೂ ಮಗನ ಬಾಣಕ್ಕೆ ಉರುಳುತ್ತದೆ. ನಾಗಲೋಕದ ಮಣಿಯಿಂದ, ಕೃಷ್ಣನ ಕೃಪೆಯಿಂದ ಇಬ್ಬರೂ ಏಳುತ್ತಾರೆ ನಿಜ. ಆದರೆ ಎದ್ದ ಅರ್ಜುನ ಮೊದಲಿನ ಅರ್ಜುನನಲ್ಲ.

ಕಟ್ಟಡದ ಜಾಣ್ಮೆಯನ್ನೂ ನೋಡಿ. ಈ ತಂದೆ-ಮಕ್ಕಳ ಯುದ್ಧದ ಸಂದರ್ಭಕ್ಕೇ ಕವಿ ಇನ್ನೊಂದು ತಂದೆ-ಮಕ್ಕಳ ಯುದ್ಧ ತರುತ್ತಾನೆ. ಸೀತೆಯ ಕಥೆ, ಕುಶಲವರ ಕಥೆ ಬರುವುದು ಅಲ್ಲಿ. ರಾಮನ ಕುದುರೆಯನ್ನೂ ಮಕ್ಕಳೇ ಕಟ್ಟಿದರು. ಎರಡು ಕುದುರೆ, ಇಬ್ಬರು ಗೆದ್ದ ಅರಸರು, ದೂರವಾದ ಹೆಂಡಿರು, ಗುರುತಿಲ್ಲದೆ ಬೆಳೆದ ಮಕ್ಕಳು. ಅಮೃತಾಪುರದ ಗೋಡೆಯ ಎರಡು ಪಕ್ಕಗಳು ಇಲ್ಲಿ ಎದುರುಬದುರು ನಿಲ್ಲುತ್ತವೆ.

ನನ್ನದೂ ಒಂದು ಆಕ್ಷೇಪವಿದೆ, ಅದನ್ನು ಮುಚ್ಚಿಡಲಾರೆ. ಸೀತೆಗೆ ಅಷ್ಟು ಕರಗಿದ ಕವಿ ಪ್ರಮೀಳೆಗೆ, ಚಂಡಿಗೆ ಆ ಮನಸ್ಸು ಕೊಡಲಿಲ್ಲ. ಹೆಣ್ಣರಸಿಯ ನಾಡು ಮದುವೆಯ ಮಾತಿಗೆ ಕರಗಿಹೋಗುತ್ತದೆ. ಗಂಡ ಹೇಳಿದ್ದಕ್ಕೆ ಉಲ್ಟಾ ನಡೆದ ಚಂಡಿ ಶಾಪದಿಂದ ಕಲ್ಲಾಗುತ್ತಾಳೆ, ಜನ ನಗುತ್ತಾರೆ. ಅವಳಿಗೆ ಏನು ನೋವಿತ್ತು ಎಂದು ಯಾರೂ ಕೇಳುವುದಿಲ್ಲ. ಇವತ್ತು ಈ ಕಾವ್ಯ ಓದುವವರು ಆ ಪ್ರಶ್ನೆ ಕೇಳಲೇಬೇಕು. ಕೇಳಿದರೆ ಕಾವ್ಯಕ್ಕೆ ಊನವಿಲ್ಲ.

ಇಷ್ಟೆಲ್ಲ ತೂಗಿದ ಮೇಲೆ ನನ್ನ ನಿಲುವು ಇದು. ಮೊದಲ ಪುಸ್ತಕದಷ್ಟು ಎತ್ತರವಿದೆಯೇ ಎಂದು ಎರಡನೆಯದನ್ನು ಕೇಳುವುದು ಅರ್ಧ ಪ್ರಶ್ನೆ. ಮೊದಲನೆಯದು ಬಿಟ್ಟುಹೋದ ಗಾಯವನ್ನು ಅದು ಮುಟ್ಟಿತೇ ಎಂಬುದು ಪೂರ್ತಿ ಪ್ರಶ್ನೆ. ಕುಮಾರವ್ಯಾಸ ಜನ ಹೇಗೆ ಕಾದಾಡಿ ಸತ್ತರು ಎಂದು ಹೇಳಿದ. ಅದರಲ್ಲಿ ಅವನಿಗೆ ಸಾಟಿಯಿಲ್ಲ. ಕೊಂದವರೂ ಸತ್ತವರ ಮಕ್ಕಳೂ ಒಂದೇ ದಾರಿಯಲ್ಲಿ ಹೇಗೆ ನಡೆಯಬೇಕು ಎಂದು ಹೇಳಿದವನು ಲಕ್ಷ್ಮೀಶ. ಬಂಧುಗಳನ್ನು ಕೊಂದ ಧರ್ಮರಾಯನ ಸಂಕಟದಿಂದಲೇ ಅವನ ಕಥೆ ಹೊರಡುತ್ತದೆ. ಕುದುರೆಯ ಜೊತೆ ಮೊದಲ ಹೆಜ್ಜೆ ಇಡುವವನು ಕರ್ಣನ ಮಗ. ಎಲ್ಲ ಯುದ್ಧ ರಾಜಿಯಲ್ಲಿ ಮುಗಿಯುವುದನ್ನು ನಾನು ಕೊರತೆ ಎನ್ನಲಾರೆ. ಆ ರಾಜಿಗಾಗಿಯೇ ಈ ಪುಸ್ತಕ ಬರೆದದ್ದು.

ಅಜ್ಜ ಗದುಗಿನ ಭಾರತವನ್ನೂ ಓದುತ್ತಿದ್ದರು. ಗದಾಪರ್ವ ಮುಗಿದ ರಾತ್ರಿ ಎಷ್ಟೇ ಹೊತ್ತಾಗಿರಲಿ, ದೀಪ ತಗ್ಗಿಸುವ ಮೊದಲು ಇನ್ನೊಂದು ಪುಸ್ತಕ ತೆಗೆದು ಜೈಮಿನಿಯ ಮೊದಲ ಪದ್ಯ ಓದಿಯೇ ಏಳುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದೆ. "ಕೊಂದಲ್ಲಿಗೇ ಪುಸ್ತಕ ಮುಚ್ಚಬಾರದು ಮಗಾ" ಎಂದರು.