ಪ್ರೌಢಶಾಲೆಯ ಪ್ರಪಂಚ ಚರಿತ್ರೆ: ಒಂದು ವಿಮರ್ಶೆ

ನಮ್ಮ ಪ್ರೌಢಶಾಲೆಗಳ ಸಮಾಜ ವಿಜ್ಞಾನ ಪಠ್ಯಗಳಲ್ಲಿ ಪ್ರಪಂಚ ಚರಿತ್ರೆಗೆ ಸ್ಥಾನವಿಲ್ಲವೆಂದು ದೂರುವವರು ಆ ಪುಸ್ತಕಗಳನ್ನು ತೆರೆದು ನೋಡಿದವರಲ್ಲ. ಎಂಟನೆಯ ತರಗತಿಯಲ್ಲಿ ಈಜಿಪ್ಟ್, ಮೆಸೊಪೊಟೇಮಿಯ, ಚೀನಾ, ಗ್ರೀಸ್, ರೋಮ್‌ಗಳುಂಟು. ಒಂಬತ್ತನೆಯದರಲ್ಲಿ ಯುರೋಪಿನ ಪುನರುಜ್ಜೀವನ, ಮತಸುಧಾರಣೆ, ಫ್ರಾನ್ಸಿನ ಕ್ರಾಂತಿ ಉಂಟು. ಕೊರತೆಯಿರುವುದು ವಿಷಯದಲ್ಲಲ್ಲ, ಸಂಬಂಧದಲ್ಲಿ. ಒಂದು ಅಧ್ಯಾಯದ ಗ್ರೀಕರು ಇನ್ನೊಂದು ಅಧ್ಯಾಯದ ಮೌರ್ಯರ ಮುಖವನ್ನೇ ಕಾಣರು.

ಜಯನಗರದ ಶಾಲೆಯೊಂದರಲ್ಲಿ ನಾನು ಪಾಠ ಹೇಳುತ್ತಿದ್ದಾಗ ಹುಡುಗನೊಬ್ಬ, "ಈಜಿಪ್ಟಿಗೂ ನಮಗೂ ಏನು ಸಂಬಂಧ, ಸಾರ್?" ಎಂದು ಕೇಳಿದ. "ಪರೀಕ್ಷೆಗೆ ಬರುತ್ತದೆ, ಬರೆದುಕೋ" ಎಂದೆ. ಆ ಉತ್ತರ ಇಂದಿಗೂ ನನ್ನನ್ನು ಚುಚ್ಚುತ್ತದೆ. ಆತ ದಿನವೂ ಶಾಲೆಗೆ ಬರುತ್ತಿದ್ದುದು ಅಶೋಕ ಸ್ತಂಭದ ಮುಂದೆಯೇ; 1948ರಲ್ಲಿ ಬಡಾವಣೆಗೆ ಶಂಕುಸ್ಥಾಪನೆಯಾದುದರ ಕುರುಹು ಅದು. ಆ ಅಶೋಕನ ಹದಿಮೂರನೆಯ ಬಂಡೆಶಾಸನದಲ್ಲಿ ಈಜಿಪ್ಟಿನ ದೊರೆ ಟಾಲೆಮಿ ಸೇರಿದಂತೆ ಐವರು ಗ್ರೀಕ್ ಅರಸರ ಹೆಸರುಗಳಿವೆ. ಪ್ರಶ್ನೆಗೆ ಉತ್ತರ ಬೀದಿಯಲ್ಲೇ ನಿಂತಿತ್ತು, ಮೇಷ್ಟರಿಗೆ ಕಾಣಲಿಲ್ಲ.

ಇದಕ್ಕಿಂತಲೂ ಹತ್ತಿರದ ಸಾಕ್ಷ್ಯವೊಂದಿದೆ. 1892ರಲ್ಲಿ ಬಿ. ಎಲ್. ರೈಸರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಅವನ್ನು ಬರೆದವನು ಚಪಡನೆಂಬಾತ. ಶಾಸನವೆಲ್ಲ ಬ್ರಾಹ್ಮಿಯಲ್ಲಿ, ತಾನು ಲಿಪಿಕಾರನೆಂಬ ಒಂದು ಪದವನ್ನು ಮಾತ್ರ ಆತ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಗಡಿನಾಡಿನ ಲಿಪಿ. ಪಾರಸೀಕ ಸಾಮ್ರಾಜ್ಯದ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ಅರಮಾಯಿಕ್‌ನಿಂದ ಬೆಳೆದದ್ದು. ಗಾಂಧಾರದ ಕಡೆಯ ಅಕ್ಷರ ಬಲ್ಲ ನೌಕರನೊಬ್ಬನ ಕೈಬರಹ ನಮ್ಮ ಮೊಳಕಾಲ್ಮೂರು ಸೀಮೆಯ ಬಂಡೆಯ ಮೇಲಿದೆ! ಚರಿತ್ರೆಯ ಅಧ್ಯಾಪಕನಿಗೆ ಇದಕ್ಕಿಂತ ದೊಡ್ಡ ಪಾಠೋಪಕರಣ ಬೇಕೆ? ಯಶವಂತಪುರದಲ್ಲಿ 1891ರಲ್ಲಿ ದೊರೆತ ರೋಮನ್ ನಾಣ್ಯಗಳ ಮಾತನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಒಂಬತ್ತನೆಯ ತರಗತಿಯಲ್ಲಿ ಬಸವಣ್ಣನವರೂ ಮಾರ್ಟಿನ್ ಲೂಥರನೂ ಒಂದೇ ವರ್ಷದ ಪಾಠಗಳು. ಪಠ್ಯ ಇವೆರಡನ್ನೂ ದೂರದಲ್ಲಿರಿಸಿದರೆ, ನಮ್ಮ ಭಾಷಣಕಾರರು ಅತ್ಯುತ್ಸಾಹದಿಂದ "ಕರ್ನಾಟಕದ ಲೂಥರ್" ಎಂದುಬಿಡುತ್ತಾರೆ. ಹನ್ನೆರಡನೆಯ ಶತಮಾನದವರನ್ನು 1517ರಲ್ಲಿ ದನಿಯೆತ್ತಿದವನ ಹೆಸರಿನಿಂದ ಕರೆಯುವುದು ಕಾಲಕ್ಕೂ ಒಪ್ಪದು, ತತ್ತ್ವಕ್ಕೂ ಒಪ್ಪದು. ಇಬ್ಬರೂ ಜನಭಾಷೆಯನ್ನು ಹಿಡಿದರೆಂಬುದು ನಿಜ. ಲೂಥರನ ಜರ್ಮನ್ ಹೊಸ ಒಡಂಬಡಿಕೆ 1522ರಲ್ಲಿ ಹೊರಬಂದಿತು. ಆದರೆ ಆತ ಧರ್ಮಗ್ರಂಥವನ್ನೇ ಪರಮಪ್ರಮಾಣವೆಂದ; ಶರಣರು ಅನುಭಾವವನ್ನು ಪ್ರಮಾಣವಾಗಿಸಿದರು. 1525ರ ರೈತದಂಗೆಯಲ್ಲಿ ಆತ ಪ್ರಭುಗಳ ಪಕ್ಷ ವಹಿಸಿದ. ಕಲ್ಯಾಣದಲ್ಲಾದರೋ ಮಡಿವಾಳ ಮಾಚಯ್ಯ, ಮಾದಾರ ಧೂಳಯ್ಯನಂಥ ಕಾಯಕಜೀವಿಗಳು ತಾವೇ ವಚನಕಾರರಾದರು.

ಇಷ್ಟನ್ನು ಹದಿನಾಲ್ಕರ ಮಕ್ಕಳು ತಾವೇ ತೂಗಿ ನೋಡಬಲ್ಲರು. ಪಾಠದ ಕೊನೆಯಲ್ಲಿ ಇಬ್ಬರನ್ನೂ ಕುರಿತ ಒಂದು ಅಭ್ಯಾಸಪ್ರಶ್ನೆ ಇದ್ದರೆ ಸಾಕು. 2022ರಲ್ಲಿ ಬಸವಣ್ಣನವರ ಪಾಠದ ವಾಕ್ಯಗಳನ್ನು ಕುರಿತು ನಾಡಿನಲ್ಲಿ ದೊಡ್ಡ ವಿವಾದವೇ ನಡೆಯಿತು. ಆ ಪಾಠಕ್ಕೂ ಅದರ ಮುಂದೆ ಬರುವ ಯುರೋಪಿನ ಪಾಠಕ್ಕೂ ನಡುವೆ ಮಾತುಕತೆಯುಂಟೆ ಎಂದು ಆಗ ವಿಚಾರಿಸಿದವರನ್ನು ನಾನು ಕಾಣೆ.