ಹೊಸ ಪೀಪಾಯಿಯ ಊರು

ಅಮೆರಿಕಕ್ಕೆ ಹೊರಟ ವಿಸ್ಕಿಪ್ರಿಯ ಗೆಳೆಯರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ‘ಲೂಯಿವಿಲ್‌ಗೆ ಹೋದರೆ ಪ್ಯಾಪಿ ಸಿಗುತ್ತಾ?’ ಸಿಗುತ್ತದೆ. ಪ್ಯಾಪಿ ವ್ಯಾನ್ ವಿಂಕಲ್‌ನ 23 ವರ್ಷದ ಸೀಸೆಯಿಂದ ಒಂದು ಔನ್ಸ್ ಸುರಿದು, ಜೇಬು ಬರಿದಾಗುವಂಥ ಬಿಲ್ ಕೈಗಿಡುವ ಬಾರುಗಳು ಅಲ್ಲಿವೆ. ಆದರೆ ಅದರ ಬೆನ್ನು ಬಿದ್ದವರಿಗೆ ಊರು ತಪ್ಪಿಹೋಗುತ್ತದೆ. ಪ್ಯಾಪಿಯೂ ಸೇರಿದ ಬರ್ಬನ್ ಎಂಬ ಅಮೆರಿಕನ್ ವಿಸ್ಕಿಯ ಸುಖ ಇರುವುದು ಒಳ್ಳೆಯ ಸಾಧಾರಣ ಸೀಸೆಯನ್ನು ಅದರ ಬೀದಿಯಲ್ಲೇ ಕೂತು, ಅವಸರವಿಲ್ಲದೆ ಕುಡಿಯುವುದರಲ್ಲಿ ಎಂದು ಗಟ್ಟಿಯಾಗಿ ನಂಬಿದವನು ನಾನು. ಈ ವಾರ ಆ ನಂಬಿಕೆಯ ದಾರಿಯಲ್ಲೇ ಕೆಂಟಕಿಯ ಈ ದೊಡ್ಡ ಊರನ್ನು ಸುತ್ತೋಣ.

ಮೊದಲು ನದಿ ನೋಡಿ. ಒಹಾಯೊ ನದಿ ಇಲ್ಲಿ ಎರಡು ಮೈಲಿಯೊಳಗೆ ಸುಮಾರು 26 ಅಡಿ ಇಳಿಯುತ್ತದೆ. ಪಿಟ್ಸ್‌ಬರ್ಗ್ ಕಡೆಯಿಂದ ನ್ಯೂ ಆರ್ಲಿಯನ್ಸ್‌ಗೆ ಹೊರಟ ದೋಣಿಗಳು ಇಲ್ಲಿಗೆ ಬಂದು ನಿಲ್ಲಬೇಕಿತ್ತು. ಸರಕನ್ನು ಇಳಿಸಿ, ಗಾಡಿಯಲ್ಲಿ ಸಾಗಿಸಿ, ಕೆಳಗಡೆ ಮತ್ತೆ ಹೇರಬೇಕಿತ್ತು. 1778ರಲ್ಲಿ ಜಾರ್ಜ್ ರೋಜರ್ಸ್ ಕ್ಲಾರ್ಕ್ ಇಲ್ಲಿ ನೆಲೆ ಹೂಡಿದ. 1830ರಲ್ಲಿ ಕಾಲುವೆ ತೆರೆದು ದೋಣಿಗಳು ನೇರವಾಗಿ ದಾಟುವ ಹೊತ್ತಿಗೆ ವರ್ತಕರು, ಮಳಿಗೆಗಳು, ಗೋದಾಮುಗಳು ಬೇರು ಬಿಟ್ಟಾಗಿತ್ತು. ಒಳನಾಡಿನ ರೈತರು ಮುಸುಕಿನ ಜೋಳವನ್ನು ಬಟ್ಟಿ ಇಳಿಸಿ ಕಳಿಸಿದ ಪೀಪಾಯಿಗಳಿಗೆ ಸಿದ್ಧವಾದ ಕಟ್ಟೆ ಸಿಕ್ಕಿತು. ಹೊಳೆಯಾಚೆ, ಇಂಡಿಯಾನಾ ದಡದಲ್ಲಿ, ಫಾಲ್ಸ್ ಆಫ್ ದಿ ಒಹಾಯೊ ಉದ್ಯಾನವಿದೆ. ನೀರು ಕಡಿಮೆಯಿದ್ದಾಗ ಸುಣ್ಣಕಲ್ಲಿನ ಹಾಸಿನ ಮೇಲೆ ನಡೆದಾಡಬಹುದು. ಕಾಲಡಿ ಸುಮಾರು 39 ಕೋಟಿ ವರ್ಷ ಹಳೆಯ ಹವಳದ ಪಳೆಯುಳಿಕೆಗಳು. ಕೆಂಟಕಿಯ ಮಣ್ಣಿನಡಿ ಇರುವುದೂ ಸುಣ್ಣಕಲ್ಲೇ. ಅದರ ಮೂಲಕ ಜಿನುಗಿದ ನೀರಿನಲ್ಲಿ ಕಬ್ಬಿಣದ ಅಂಶ ಇರುವುದಿಲ್ಲ, ಕ್ಯಾಲ್ಸಿಯಂ ಇರುತ್ತದೆ. ಕಬ್ಬಿಣ ಸೇರಿದರೆ ವಿಸ್ಕಿ ಕಪ್ಪಿಡುತ್ತದೆ, ರುಚಿ ಕೆಡುತ್ತದೆ. ಮೊದಲ ಗುಟುಕಿಗೆ ಮುಂಚೆ ಆ ಕಲ್ಲಿನ ಮೇಲೆ ಅರ್ಧ ಗಂಟೆ ಕಳೆದು ಬನ್ನಿ.

ಆಮೇಲೆ ಮೇನ್ ಸ್ಟ್ರೀಟ್. ಎರಕದ ಕಬ್ಬಿಣದ ಮುಖವಿರುವ ಹತ್ತೊಂಬತ್ತನೇ ಶತಮಾನದ ಕಟ್ಟಡಗಳ ಆ ಸಾಲಿಗೆ ವಿಸ್ಕಿ ರೋ ಎಂದೇ ಹೆಸರು. ಒಂದು ಕಾಲಕ್ಕೆ ಕೆಂಟಕಿಯ ವಿಸ್ಕಿ ವ್ಯಾಪಾರದ ಕಚೇರಿಗಳೆಲ್ಲ ಇಲ್ಲೇ ಇದ್ದವು. 1920ರಲ್ಲಿ ಪಾನನಿಷೇಧ ಬಂತು, ಸಾಲು ಖಾಲಿಯಾಯಿತು. 1933ರಲ್ಲಿ ನಿಷೇಧ ಹೋದರೂ ಬೀದಿಗೆ ಜೀವ ಬರಲಿಲ್ಲ. 2013ರಲ್ಲಿ ಇವಾನ್ ವಿಲಿಯಮ್ಸ್ ಕಂಪನಿ ಇಲ್ಲಿ ಚಿಕ್ಕ ಬಟ್ಟಿಮನೆ ತೆರೆದ ಮೇಲೆ ಒಬ್ಬೊಬ್ಬರಾಗಿ ಮರಳಿದರು. 2015ರ ಬೆಂಕಿ ಅನಾಹುತಕ್ಕೂ ಈ ಸಾಲು ಬಗ್ಗಲಿಲ್ಲ.

ಇಲ್ಲಿ ಒಂದೇ ಬಾಗಿಲು ತಟ್ಟುವುದಾದರೆ ಓಲ್ಡ್ ಫಾರೆಸ್ಟರ್‌ನದ್ದು ತಟ್ಟಿ. ಔಷಧಿ ಮಾರುತ್ತಿದ್ದ ಜಾರ್ಜ್ ಗಾರ್ವಿನ್ ಬ್ರೌನ್ 1870ರಲ್ಲಿ ಈ ವಿಸ್ಕಿ ಆರಂಭಿಸಿದ. ಆಗೆಲ್ಲ ವಿಸ್ಕಿ ಪೀಪಾಯಿಯಿಂದ ಅಳೆದು ಮಾರುವ ಸರಕು. ನಡುವೆ ಯಾರು ಏನು ಬೆರೆಸಿದರೂ ಗೊತ್ತಾಗುತ್ತಿರಲಿಲ್ಲ. ಬ್ರೌನ್ ತನ್ನದನ್ನು ಮೊಹರು ಹಾಕಿದ ಸೀಸೆಯಲ್ಲಿ ಮಾತ್ರ ಮಾರಿದ. ನಿಷೇಧದ ವರ್ಷಗಳಲ್ಲೂ ಔಷಧಿಯ ಹೆಸರಿನಲ್ಲಿ ಪರವಾನಗಿ ಪಡೆದು ಅವನ ವಂಶದವರ ಕಂಪನಿ ಮಾರಾಟ ಮುಂದುವರಿಸಿತು. 1919ರವರೆಗೆ ಅವರ ಕಚೇರಿಯಿದ್ದ ಕಟ್ಟಡಕ್ಕೇ ಅವರು 2018ರಲ್ಲಿ ಬಟ್ಟಿಮನೆಯೊಂದಿಗೆ ಮರಳಿದರು.

ಅಲ್ಲಿ ತಪ್ಪದೆ ನೋಡಬೇಕಾದದ್ದು ಪೀಪಾಯಿ ಸುಡುವುದನ್ನು. ಬಿಳಿ ಓಕ್ ಹಲಗೆಗಳನ್ನು ಕಬ್ಬಿಣದ ಪಟ್ಟಿಯಲ್ಲಿ ಬಿಗಿದು, ಎರಡೂ ಕಡೆ ತೆರೆದಿರುವ ಪೀಪಾಯಿಯನ್ನು ಉರಿಯ ಮೇಲೆ ತರುತ್ತಾರೆ. ಬೆಂಕಿ ಒಳಗಿನಿಂದ ಬುಗ್ಗೆಂದು ಏಳುತ್ತದೆ. ಎಲ್ಲ ಮುಗಿಯುವುದು ಒಂದು ನಿಮಿಷದ ಒಳಗೆ. ನೀರು ಚಿಮುಕಿಸಿ ಆರಿಸಿದಾಗ ಹೊಗೆಯೊಂದಿಗೆ ಸುಟ್ಟ ಸಕ್ಕರೆಯ ವಾಸನೆ ಮೂಗಿಗೆ ಬಡಿಯುತ್ತದೆ. ಒಳಮೈ ಮೊಸಳೆಯ ಚರ್ಮದಂತೆ ಬಿರಿದಿರುತ್ತದೆ. ಆ ಇದ್ದಿಲಿನ ಹಿಂದೆ, ಮರದೊಳಗಿನ ಸಕ್ಕರೆ ಕರಗಿ ಕಂದಿದ ತೆಳುವಾದ ಕೆಂಪು ಪದರವೊಂದಿದೆ. ಬೇಸಗೆಯಲ್ಲಿ ವಿಸ್ಕಿ ಹಿಗ್ಗಿ ಮರದೊಳಗೆ ನುಗ್ಗುತ್ತದೆ, ಚಳಿಗಾಲದಲ್ಲಿ ಆ ಪದರದ ಸಿಹಿಯನ್ನೂ ವೆನಿಲಾ ಗಂಧವನ್ನೂ ಎಳೆದುಕೊಂಡು ಹೊರಬರುತ್ತದೆ. ಬರ್ಬನ್ನಿಗೆ ಬಣ್ಣವನ್ನಾಗಲಿ ಸ್ವಾದವನ್ನಾಗಲಿ ಬೆರೆಸಲು ಕಾನೂನು ಬಿಡುವುದಿಲ್ಲ. ಲೋಟದಲ್ಲಿ ಕಾಣುವ ಕೆಂಪೆಲ್ಲ ಆ ಒಂದು ನಿಮಿಷದ ಬೆಂಕಿಯದು, ಆಮೇಲಿನ ವರ್ಷಗಳದು.

ಇನ್ನೊಂದು ಕಾನೂನಿದೆ, ಅದಕ್ಕೂ ನಮಗೂ ಸಂಬಂಧವಿದೆ. ಧಾನ್ಯದಲ್ಲಿ ಕನಿಷ್ಠ ಶೇ 51 ಮುಸುಕಿನ ಜೋಳ ಇರಬೇಕು ಎಂಬುದು ಬಹಳ ಜನರಿಗೆ ಗೊತ್ತು. ಬರ್ಬನ್ನನ್ನು ಸುಟ್ಟ ಹೊಸ ಓಕ್‌ನಲ್ಲೇ ಇಡಬೇಕು ಎಂಬುದು ಅದಕ್ಕಿಂತ ದೊಡ್ಡ ಮಾತು. ಒಮ್ಮೆ ಬಳಸಿದ ಪೀಪಾಯಿ ಬರ್ಬನ್ನಿಗೆ ಮತ್ತೆ ಒದಗುವುದಿಲ್ಲ. ಹಾಗಾಗಿ ಅವು ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುತ್ತವೆ, ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಬಟ್ಟಿಮನೆಗೂ ಬರುತ್ತವೆ. 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದ ಬೆಂಗಳೂರಿನ ಸಿಂಗಲ್ ಮಾಲ್ಟ್‌ನಲ್ಲಿ ವೆನಿಲಾ, ಜೇನಿನ ಸುಳಿವು ಹಿಡಿದವರು ಕೆಂಟಕಿಯ ಮರದ ರುಚಿ ನೋಡಿಯಾಗಿದೆ. ನಮ್ಮ ಬಿಸಿಲಿನಲ್ಲಿ ಪೀಪಾಯಿಯ ವಿಸ್ಕಿ ವರ್ಷಕ್ಕೆ ಶೇ 10ಕ್ಕೂ ಹೆಚ್ಚು ಆವಿಯಾಗಿ ಹೋಗುತ್ತದೆ. ಕೆಂಟಕಿಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ.

ಮತ್ತೆ ಮೇನ್ ಸ್ಟ್ರೀಟಿಗೆ ಬಂದರೆ, ಬೀದಿಯ ಪಶ್ಚಿಮಕ್ಕೆ ಮಿಕ್ಟರ್ಸ್ ಬಟ್ಟಿಮನೆಯ ಫೋರ್ಟ್ ನೆಲ್ಸನ್ ಕಟ್ಟಡ 2019ರಲ್ಲಿ ತೆರೆಯಿತು. ವಾಲಿದ್ದ ಹಳೆಯ ಗೋಡೆಗಳನ್ನು ಒಳಗಿನಿಂದ ಉಕ್ಕು ಕೊಟ್ಟು ಉಳಿಸಿದ್ದಾರೆ. ಮೇಲಿನ ಬಾರ್ ಶಾಂತವಾಗಿದೆ, ಹರಟೆಗೆ ಒಳ್ಳೆಯ ಜಾಗ. ಇವಾನ್ ವಿಲಿಯಮ್ಸ್‌ನಲ್ಲಿ ಪ್ರದರ್ಶನ ಚೆನ್ನಾಗಿದೆ. ಆ ಹೆಸರಿನ ಮನುಷ್ಯ 1783ರಲ್ಲೇ ಇಲ್ಲಿ ಮೊದಲು ಬಟ್ಟಿ ಇಳಿಸಿದ ಎಂಬ ಕಥೆಯನ್ನು ಮಾತ್ರ ಕಥೆಯೆಂದೇ ಕೇಳಿ. ದಿನಕ್ಕೆ ಎರಡು ಬಟ್ಟಿಮನೆ ಸಾಕು. ಮೂರನೆಯದಕ್ಕೆ ಹೋದರೆ ನಾಲಿಗೆ ಕೆಲಸ ನಿಲ್ಲಿಸಿರುತ್ತದೆ.

ಉಳಿಯುವುದಕ್ಕೆ ಎರಡು ಹಳೆಯ ಹೋಟೆಲುಗಳ ನಡುವೆ ಆಯ್ಕೆ, ಎರಡೂ ಫೋರ್ತ್ ಸ್ಟ್ರೀಟಿನಲ್ಲೇ. 1923ರ ಬ್ರೌನ್ ಹೋಟೆಲಿನ ಲಾಬಿಗೆ ಮೆಟ್ಟಿಲು ಹತ್ತಿ ಬರುವಾಗ, ಚಿತ್ತಾರದ ಚಾವಣಿಯನ್ನು ನೋಡುತ್ತ ನಿಂತುಬಿಡುತ್ತೇವೆ. 1926ರಲ್ಲಿ ಇಲ್ಲಿನ ಬಾಣಸಿಗ ಫ್ರೆಡ್ ಷ್ಮಿಟ್, ಕುಣಿದು ದಣಿದು ನಡುರಾತ್ರಿ ಹಸಿದು ಬಂದವರಿಗಾಗಿ ಹಾಟ್ ಬ್ರೌನ್ ಎಂಬ ತಿಂಡಿ ಕಂಡುಹಿಡಿದ: ಬ್ರೆಡ್ಡಿನ ಮೇಲೆ ಟರ್ಕಿ ಮಾಂಸ, ಚೀಸ್ ಸಾಸ್, ಬೇಕನ್, ಮೇಲೆ ಕೆಂಡದಂಥ ಶಾಖ. ಭಾರವಾದ ಊಟ. ಬರ್ಬನ್ ಸಂಜೆಗೆ ಮುಂಚೆ ಹೊಟ್ಟೆಗೆ ಇದಕ್ಕಿಂತ ಗಟ್ಟಿ ಅಡಿಪಾಯ ಸಿಗದು. ಸಸ್ಯಾಹಾರಿಗಳು ಬೇರೇನಾದರೂ ತಿಂದೇ ಬಾರಿಗೆ ಬನ್ನಿ, ಖಾಲಿ ಹೊಟ್ಟೆಯಲ್ಲಿ ಬೇಡ.

ಸೀಲ್‌ಬಾಕ್ ಇನ್ನೂ ಹಳೆಯದು, 1905ರದು. ಜರ್ಮನಿಯಿಂದ ಬಂದ ಸೋದರರು ಯುರೋಪಿನ ಹೋಟೆಲುಗಳಿಗೆ ಸಮನಾಗಲೆಂದು ಕಟ್ಟಿಸಿದ್ದು. ನೆಲಮಾಳಿಗೆಯ ರಾಟ್ಸ್‌ಕೆಲ್ಲರ್ ಕೋಣೆ ಪೂರ್ತಿ ರೂಕ್‌ವುಡ್ ಕುಂಬಾರಿಕೆಯದು. ಕಂಬಗಳ ನೆತ್ತಿಯಲ್ಲಿ ಹೆಜ್ಜಾರ್ಲೆಗಳ ಸಾಲು. ನಿಮ್ಮ ಭೇಟಿಯ ದಿನ ಅಲ್ಲಿ ಸಮಾರಂಭ ಇಲ್ಲದಿದ್ದರೆ ಸ್ವಾಗತಕಟ್ಟೆಯಲ್ಲಿ ಕೇಳಿ ನೋಡಿ. 1918ರಲ್ಲಿ ಸ್ಕಾಟ್ ಫಿಟ್ಸ್‌ಜೆರಾಲ್ಡ್ ಸೈನಿಕನಾಗಿ ಈ ಊರಿನ ಶಿಬಿರದಲ್ಲಿದ್ದ. ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯಲ್ಲಿ ಡೇಸಿಯ ಮದುವೆಗೆ ಬರುವ ಹೋಟೆಲ್ ಇದೇ ಎಂದು ಊರವರು ಎದೆ ತಟ್ಟಿ ಹೇಳುತ್ತಾರೆ. ಇಲ್ಲಿನ ಸೀಲ್‌ಬಾಕ್ ಕಾಕ್‌ಟೇಲ್‌ನ ಕಥೆಯಂತೂ ಇನ್ನೂ ಸ್ವಾರಸ್ಯ. ಬರ್ಬನ್, ಕಿತ್ತಳೆಯ ಲಿಕ್ಯೂರ್, ಎರಡು ಬಗೆಯ ಬಿಟರ್ಸ್, ಮೇಲೆ ನೊರೆಯುವ ವೈನ್. ನಿಷೇಧಕ್ಕೆ ಮುಂಚಿನ, ಕಳೆದುಹೋಗಿದ್ದ ಪಾಕವಿಧಾನ ಸಿಕ್ಕಿತು ಎಂದು ತೊಂಬತ್ತರ ದಶಕದಲ್ಲಿ ಆ್ಯಡಮ್ ಸೀಗರ್ ಎಂಬ ಬಾರ್‌ಟೆಂಡರ್ ಲೋಕಕ್ಕೆ ಹೇಳಿದ, ಪುಸ್ತಕಗಳೂ ನಂಬಿದವು. 2016ರಲ್ಲಿ, ಅದು ತನ್ನದೇ ಸೃಷ್ಟಿ ಎಂದು ಒಪ್ಪಿಕೊಂಡ. ಇತಿಹಾಸ ಸುಳ್ಳಾದರೂ ಪಾನೀಯ ರುಚಿಯಾಗಿದೆ. ನಿಷ್ಠೆಯಿಂದ ಕುಡಿಯಿರಿ.

ಹೊಸ ಕಲೆ ಇಷ್ಟವಿದ್ದವರು ಮೇನ್ ಸ್ಟ್ರೀಟಿನ 21ಸಿ ಮ್ಯೂಸಿಯಂ ಹೋಟೆಲ್ ಹಿಡಿಯಬಹುದು. ಬಾಗಿಲಲ್ಲಿ ಚಿನ್ನದ ಬಣ್ಣದ ದೈತ್ಯ ಡೇವಿಡ್ ನಿಂತಿದ್ದಾನೆ. ನನ್ನ ಮನಸ್ಸು ಮಾತ್ರ ಹಳೆಯ ಮರದ ಕೌಂಟರಿಗೇ ವಾಲುತ್ತದೆ.

ಊರಿನ ಅಧಿಕೃತ ಕಾಕ್‌ಟೇಲ್ ಓಲ್ಡ್ ಫ್ಯಾಷನ್ಡ್. ಇಲ್ಲಿನ ಪೆಂಡೆನಿಸ್ ಕ್ಲಬ್ಬಿನಲ್ಲಿ ಹುಟ್ಟಿತು ಎಂಬ ಹೆಮ್ಮೆ ಊರಿಗಿದೆ. ಆದರೆ ಕ್ಲಬ್ ಆರಂಭವಾದದ್ದು 1881ರಲ್ಲಿ. ಷಿಕಾಗೊ ಪತ್ರಿಕೆಯೊಂದು ಅದಕ್ಕೆ ಹಿಂದಿನ ವರ್ಷವೇ ಆ ಪಾನೀಯದ ಹೆಸರೆತ್ತಿತ್ತು. ಆ ಕ್ಲಬ್ಬಿನಿಂದ ನಾನು ನೆನೆಯುವುದು ಬೇರೊಬ್ಬನನ್ನು. ಲೂಯಿವಿಲ್‌ನಲ್ಲೇ ಹುಟ್ಟಿದ ಟಾಮ್ ಬುಲಕ್ ಅಲ್ಲಿ ಕೆಲಸ ಮಾಡಿದವನು. 1917ರಲ್ಲಿ ‘ದಿ ಐಡಿಯಲ್ ಬಾರ್‌ಟೆಂಡರ್’ ಪ್ರಕಟಿಸಿದ. ಕಪ್ಪು ಅಮೆರಿಕನ್ ಒಬ್ಬ ಬರೆದ ಮೊದಲ ಕಾಕ್‌ಟೇಲ್ ಪುಸ್ತಕವದು. ಮೂರು ವರ್ಷದಲ್ಲಿ ಅವನ ಕಸುಬನ್ನೇ ಕಾನೂನು ಅಳಿಸಿತು. ಸೀಸೆಗಳ ಮೇಲೆ ಮಾಲೀಕರ ಹೆಸರುಗಳೇ ತುಂಬಿರುವ ಊರಿನಲ್ಲಿ ಈ ಹೆಸರು ಇನ್ನಷ್ಟು ಗಟ್ಟಿಯಾಗಿ ಕೇಳಬೇಕು.

ಈಗ ಏನು ಕುಡಿಯುವುದು? ಲೇಬಲ್ ಮೇಲೆ ‘ಬಾಟಲ್ಡ್ ಇನ್ ಬಾಂಡ್’ ಎಂದಿರುವುದನ್ನು ಕೇಳಿ. ಹೊಗೆಸೊಪ್ಪು, ಒಣಹಣ್ಣಿನ ರಸ ಬೆರೆಸಿ ವಿಸ್ಕಿಯೆಂದು ಮಾರುತ್ತಿದ್ದ ಕಾಲದಲ್ಲಿ, 1897ರಲ್ಲಿ ಬಂದ ಕಾನೂನು ಅದು. ಒಂದೇ ಬಟ್ಟಿಮನೆಯದು, ಒಂದೇ ಋತುವಿನದು, ಸರ್ಕಾರಿ ನಿಗಾದ ಗೋದಾಮಿನಲ್ಲಿ ಕನಿಷ್ಠ 4 ವರ್ಷ ಕಳೆದದ್ದು, ನಿಖರವಾಗಿ ಶೇ 50 ಮದ್ಯಸಾರದ್ದು ಎಂಬ ಭರವಸೆ. ಇವಾನ್ ವಿಲಿಯಮ್ಸ್‌ನ ಬಿಳಿ ಲೇಬಲ್, ಓಲ್ಡ್ ಗ್ರ್ಯಾಂಡ್‌ಡ್ಯಾಡ್ ಬಾಂಡೆಡ್ ಇಂಥವು. ಬೆಲೆ ಕಡಿಮೆ, ಗುಣಕ್ಕೆ ಕುಂದಿಲ್ಲ. ನೀರಿಲ್ಲದೆ ತರಿಸಿ. ಮೂಗಿಗೆ ಹಿಡಿದಾಗ ಬಾಯಿ ಸ್ವಲ್ಪ ತೆರೆದಿರಲಿ, ಇಲ್ಲದಿದ್ದರೆ ಘಾಟು ಮಾತ್ರ ಗೊತ್ತಾಗುತ್ತದೆ. ಮೊದಲ ಗುಟುಕು ನಾಲಿಗೆಯನ್ನು ಎಚ್ಚರಿಸುವುದಕ್ಕಷ್ಟೇ. ಎರಡನೆಯದನ್ನು ಬಾಯಿತುಂಬ ಅಗಿದು ನುಂಗಿ. ಆಮೇಲೆ ನಾಲ್ಕು ಹನಿ ನೀರು ಹಾಕಿ. ಬಿಸಿ ತಗ್ಗಿ, ಬೆಲ್ಲದ ಪಾಕ, ಕಡಲೆಕಾಯಿ, ಕಿತ್ತಳೆ ಸಿಪ್ಪೆ ಒಂದೊಂದಾಗಿ ಮೇಲೇಳುತ್ತವೆ. ಈ ಕೆಲಸಕ್ಕೆ ಪೇಟೆಯ ಗದ್ದಲದಿಂದ ದೂರದ ಫ್ರಾಂಕ್‌ಫರ್ಟ್ ಅವೆನ್ಯೂವಿನ ಬರ್ಬನ್ಸ್ ಬಿಸ್ಟ್ರೊ ನನಗೆ ಇಷ್ಟ. ಬೇಕಾದ ರುಚಿ ಹೇಳಿ ಆಯ್ಕೆಯನ್ನು ಬಾರ್‌ಟೆಂಡರ್‌ಗೆ ಬಿಟ್ಟುಬಿಡಿ.

ಪ್ಯಾಪಿಯ ಹಂಬಲ ಇನ್ನೂ ಬಿಡದಿದ್ದರೆ, ಅವನ ಊರನ್ನೇ ನೋಡಿ. ‘ಪ್ಯಾಪಿ’ ಎಂದೇ ಕರೆಸಿಕೊಂಡ ಜೂಲಿಯನ್ ವ್ಯಾನ್ ವಿಂಕಲ್ ನಡೆಸಿದ ಸ್ಟಿಟ್ಜೆಲ್ ವೆಲರ್ ಬಟ್ಟಿಮನೆ 1935ರ ಕೆಂಟಕಿ ಡರ್ಬಿ ಕುದುರೆ ಓಟದ ದಿನ ಊರಂಚಿನ ಶೈವ್ಲಿಯಲ್ಲಿ ಆರಂಭವಾಯಿತು; ಅಲ್ಲಿ ಬಟ್ಟಿ ಇಳಿಸುವುದು 1992ರಲ್ಲಿ ನಿಂತಿತು. ಇವತ್ತಿನ ಪ್ಯಾಪಿ ತಯಾರಾಗುವುದು ಬಫಲೋ ಟ್ರೇಸ್ ಬಟ್ಟಿಮನೆಯಲ್ಲಿ. ರೈ ಬದಲು ಗೋಧಿ ಹಾಕಿದ ಆ ಮೃದು ಶೈಲಿ ಮೇಕರ್ಸ್ ಮಾರ್ಕ್, ವೆಲರ್ ಸೀಸೆಗಳಲ್ಲೂ ಇದೆ, ಬಹಳ ಕಡಿಮೆ ದುಡ್ಡಿಗೆ. ಕೇವ್ ಹಿಲ್ ಸ್ಮಶಾನದಲ್ಲಿ ಪ್ಯಾಪಿಯೂ ಜಾರ್ಜ್ ಗಾರ್ವಿನ್ ಬ್ರೌನನೂ ಮಲಗಿದ್ದಾರೆ. ಅಲ್ಲೇ ಊರಿನ ಮಗ ಮುಹಮ್ಮದ್ ಅಲಿಯ ಸಮಾಧಿಯೂ ಇದೆ. ಮರಗಳ ನೆರಳಿನ ಸುಂದರ ಜಾಗ. ಬೆಳಗಿನ ಹೊತ್ತಿನಲ್ಲಿ ಹೋಗಿ.

ಮೇ ತಿಂಗಳ ಮೊದಲ ಶನಿವಾರ ನಡೆಯುವ ಕೆಂಟಕಿ ಡರ್ಬಿಯ ವಾರ ಮಾತ್ರ ಬೇಡ. ಕುದುರೆಗಾಗಿ ಬರುವವರ ಸಂತೆಯಲ್ಲಿ ಕೋಣೆಯ ಬಾಡಿಗೆ ಆಕಾಶಕ್ಕೇರಿರುತ್ತದೆ, ಕೌಂಟರಿನಲ್ಲಿ ಮೊಣಕೈ ಊರಲೂ ಜಾಗ ಇರುವುದಿಲ್ಲ. ಎಲೆಗಳು ಕೆಂಪಾಗುವ ಅಕ್ಟೋಬರ್ ಒಳ್ಳೆಯದು. ಬಾರ್ಡ್ಸ್‌ಟೌನ್, ಲೊರೆಟೊ ಕಡೆಯ ಬಟ್ಟಿಮನೆಗಳಿಗೆ ಹೋಗುವ ದಿನ ಚಾಲಕನೊಂದಿಗೆ ಗಾಡಿ ಗೊತ್ತುಮಾಡಿ. ಕುಡಿದು ಸ್ಟಿಯರಿಂಗ್ ಮುಟ್ಟಬೇಡಿ. ಇದರಲ್ಲಿ ರಿಯಾಯಿತಿ ಇಲ್ಲ.

ಬರುವಾಗ ಪ್ರಯಾಣಿಕರೊಬ್ಬರು ಸುಂಕವಿಲ್ಲದೆ ಭಾರತಕ್ಕೆ ತರಬಹುದಾದದ್ದು ಎರಡು ಲೀಟರ್. ಬರ್ಬನ್ ಮೇಲಿನ ಆಮದು ಸುಂಕ 2025ರ ಫೆಬ್ರವರಿಯಲ್ಲಿ ಶೇ 150ರಿಂದ 100ಕ್ಕೆ ಇಳಿದಿದ್ದರೂ ಬೆಂಗಳೂರಿನ ಅಂಗಡಿಗಳಲ್ಲಿ ಆಯ್ಕೆ ಇನ್ನೂ ಕಡಿಮೆ. ಮುಕ್ಕಾಲು ಲೀಟರಿನ ಎರಡು ಸೀಸೆ ಕೊಳ್ಳಿ: ಒಂದು ಓಲ್ಡ್ ಫಾರೆಸ್ಟರ್ 1920, ಇನ್ನೊಂದು ಇವಾನ್ ವಿಲಿಯಮ್ಸ್‌ನ ಆ ಬಿಳಿ ಲೇಬಲ್. ಎರಡೂ ಸೇರಿದರೂ ಒಂದು ಔನ್ಸ್ ಪ್ಯಾಪಿಗಿಂತ ಅಗ್ಗ.